ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮೂರನೆಯ ಕಾಲೇಜಿಗೆ ಹೊರಟ ದಿನ
ಪಿಕಪ್ಪಿನ ಹಿಂದೆ ಇದ್ದದ್ದು ಇಷ್ಟೇ:
ಎರಡು ಬ್ಯಾಟು, ಅನ್ನದ ಕುಕ್ಕರು, ಮೊಣಕಾಲಿನ ಕವಚ,
ಒಗೆಯದ ಬಟ್ಟೆಯ ಕಪ್ಪು ಚೀಲ.
ಗ್ಲೌಸು ಮಾತ್ರ ಪಕ್ಕದ ಸೀಟಿನಲ್ಲಿ,
ಬೆಲ್ಟು ಹಾಕಿಸಿಕೊಂಡು, ಬಾಯಿ ತೆರೆದುಕೊಂಡು.

ಅರ್ಕನ್ಸಾದಲ್ಲಿ ಓದಿದ ಮಣ್ಣುಶಾಸ್ತ್ರದ ನಾಲ್ಕು ಕ್ರೆಡಿಟ್ಟು
ನೆಬ್ರಾಸ್ಕಾದವರು ಒಪ್ಪಲಿಲ್ಲ.
ಮಣ್ಣು ಬೇರೆಯಂತೆ ಅಲ್ಲಿಯದು.

ನಾನು ಕ್ಯಾಚರ್. ಹಾಗೆಂದು ಕಾಗದ ಹೇಳುತ್ತದೆ.
ಎರಡು ವರ್ಷ ನಾನು ಕೂತದ್ದು ಬೇಲಿಯ ಆಚೆ
(ಹೋರಿಗಳ ದೊಡ್ಡಿ ಎಂದೇ ಹೆಸರಿಟ್ಟಿದ್ದಾರೆ ಆ ಜಾಗಕ್ಕೆ),
ಕುಕ್ಕರಗಾಲಲ್ಲಿ,
ಆಟಕ್ಕಿಳಿಯುವವರ ತೋಳು ಬೆಚ್ಚಗಾಗುವವರೆಗೆ
ಅವರ ಚೆಂಡು ಹಿಡಿದು, ಅವರಿಗೇ ವಾಪಸು ಎಸೆದು.
ಸಂಜೆಗೆ ನೂರಿಪ್ಪತ್ತು, ಕೆಲವೊಮ್ಮೆ ನೂರೈವತ್ತು.
ಯಾವುದನ್ನೂ ಯಾರೂ ಬರೆದಿಟ್ಟಿಲ್ಲ.
ಎಡಗೈ ಹೆಬ್ಬೆರಳಿಗೆ ಮಾತ್ರ ಎಲ್ಲವೂ ಬಾಯಿಪಾಠ.

ಅಮ್ಮನಿಗೆ ಹೂಮಾದ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ.
ಸೀಗಡಿ ದೋಣಿಗಳು ಬರುವ ಮೊದಲು ಫೋನು ತೆಗೆದು
ಆಟದ ಪಟ್ಟಿಯಲ್ಲಿ ನನ್ನ ಹೆಸರು ಹುಡುಕುತ್ತಾಳೆ.
"ಇವತ್ತೂ ರೆಸ್ಟ್ ಕೊಟ್ಟರಾ?" ಅನ್ನುತ್ತಾಳೆ.
ಆ ಪದ ಅವಳೇ ಹುಡುಕಿಕೊಂಡದ್ದು.
ಹೌದಮ್ಮ ಅನ್ನುತ್ತೇನೆ,
ಮೊಣಕಾಲಿಗೆ ಐಸು ಕಟ್ಟಿಕೊಂಡು.

ಕೋಚ್ ರೆನ್‌ಫ್ರೋ ಕೆಟ್ಟವನಲ್ಲ.
ನನ್ನ ಸರದಿ ಯಾವಾಗ ಎಂದರೆ
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು, "ನೋಡೋಣ" ಅನ್ನುತ್ತಿದ್ದ.
ನೋಡಿದೆ. ಎರಡು ವಸಂತ ನೋಡಿದೆ.
ಜೂನಿನಲ್ಲಿ ಪೋರ್ಟಲ್ಲಿಗೆ ಹೆಸರು ಕೊಟ್ಟೆ.
ಹತ್ತು ದಿನ ಫೋನು ತಣ್ಣಗೆ ಬಿದ್ದಿತ್ತು.
ಹನ್ನೊಂದನೆಯ ದಿನ ಯಾರೋ, ಗಾಳಿಯ ಸದ್ದಿನ ನಡುವೆ,
"ನಮಗೆ ಕ್ಯಾಚರ್ ಬೇಕು" ಎಂದ.
ಬೇಕು.
ಎಷ್ಟು ಸಲ ಅಂದುಕೊಂಡೆನೋ ಅದನ್ನು ಆ ರಾತ್ರಿ.

ಬಂದು ನೋಡಿದರೆ ಬೇಕಾದವರು ಇನ್ನೂ ಇಬ್ಬರು.
ಒಬ್ಬ ಊರಿನವನೇ, ಹದಿನೆಂಟರ ಸ್ವೊಬೊಡಾ, ತೋಳಲ್ಲ ಅದು, ಕೋವಿ.
ಇನ್ನೊಬ್ಬ ನನ್ನ ಮೊದಲ ಕಾಲೇಜಿನಿಂದ,
ನಾನು ಬಿಟ್ಟೆದ್ದ ಬೆಂಚು ಆರುವ ಮೊದಲೇ ಅದರಲ್ಲಿ ಕೂತವನು,
ಈಗ ಅದನ್ನೂ ಬಿಟ್ಟು ಬಂದಿದ್ದಾನೆ.
ಮೆಸ್ಸಿನಲ್ಲಿ ಎದುರುಬದುರು ಕೂತು
ಆ ಬೆಂಚಿನ ಮೊಳೆಯನ್ನು ನೆನೆದು ನಕ್ಕೆವು.
ಎಡದಿಂದ ಮೂರನೆಯ ಹಲಗೆ. ಅವನ ಪ್ಯಾಂಟೂ ಹರಿದಿತ್ತು.

ಫೆಬ್ರವರಿಯಲ್ಲಿ ಅರ್ಕನ್ಸಾದಿಂದ ಅಮಾಡೊ ಫೋನು ಮಾಡಿದ.
ಅಲ್ಲಿಯ ಮೊದಲ ಕ್ಯಾಚರನ ಬೆರಳು ಮುರಿದಿದೆ,
ಎರಡನೆಯವನಿಗೆ ಅಮಾಡೊನ ಸ್ಲೈಡರ್ ಹಿಡಿಯಲು ಬಾರದು.
"ನೀನಿದ್ದಿದ್ದರೆ" ಎಂದ. ಅಷ್ಟಕ್ಕೇ ಬಿಟ್ಟ.
ಹೊರಗೆ ಹಿಮ ತೆಗೆಯುವ ಲಾರಿ ರಸ್ತೆ ಕೆರೆಯುತ್ತ ಹೋಯಿತು.
ಎಂಟೇ ತಿಂಗಳು. ಇನ್ನೆಂಟು ತಿಂಗಳು ಕೂತಿದ್ದರೆ.
ಕೂರುವುದು ನನಗೆ ಬಾರದ ವಿದ್ಯೆಯೇನಲ್ಲ.

ಮಾರ್ಚ್ ಹತ್ತೊಂಬತ್ತು. ಕೊನೆಯ ಇನ್ನಿಂಗ್ಸು.
ಎರಡಕ್ಕೆ ಹದಿನಾಲ್ಕರಂತೆ ಸೋಲುತ್ತಿದ್ದೆವು.
ನೋಡಲು ಬಂದವರಲ್ಲಿ ಅರ್ಧ ಜನ
ಕಾರಿನೊಳಗೆ ಹೀಟರ್ ಹಾಕಿಕೊಂಡಿದ್ದರು.
ಕೋಚ್ ತಿರುಗಿ ನನ್ನತ್ತ ಬೆರಳು ಮಾಡಿದ.
ಕವಚದ ಪಟ್ಟಿ ಬಿಗಿಯುವಾಗ ಕೈ ನಡುಗಿದ್ದು ಚಳಿಗೆ.

ಮೈಕಿನವನು ಕೂಗಿದ: "ಥಿಬೊಡಾಕ್ಸ್!"
ನಮ್ಮ ಕಡೆ ಅದನ್ನು ಟಿಬೊಡೊ ಅನ್ನುತ್ತಾರೆ.
ಬಾಲದ ಅಕ್ಷರಗಳು ಬರೆಯುವುದಕ್ಕೆ ಮಾತ್ರ,
ಅಜ್ಜನ ಕಾಲದಿಂದಲೂ ಸುಮ್ಮನೆ ಕೂತಿವೆ,
ಹೆಸರಲ್ಲುಂಟು, ಸದ್ದಲ್ಲಿಲ್ಲ.
ಇವತ್ತು ಅವಕ್ಕೂ ಆಟ ಸಿಕ್ಕಿತು.
ತಿದ್ದಲಿಲ್ಲ ನಾನು.

ಅಂಪೈರು ಬಗ್ಗಿ ಪ್ಲೇಟಿನ ಮೇಲಿನ ಮಣ್ಣು ಗುಡಿಸಿದ.
ನಿಜ, ಮಣ್ಣು ಬೇರೆಯೇ. ಕಪ್ಪು, ಅಂಟು.
ಕೂತೆ. ತೊಡೆಗಳ ನಡುವೆ ಎರಡು ಬೆರಳು ತೋರಿಸಿದೆ.
ಎಸೆಯುವವನು ಬೇಡವೆಂದು ತಲೆಯಾಡಿಸಿದ.

ಸರಿ,
ಒಂದು.